ಮಣಿಕಟ್ಟಿಗೊಂದು ಸ್ವೆಟರ್: ದಾರ, ಕಡ್ಡಿ, ಅಂಗಡಿ ಎಲ್ಲ ಸೇರಿಸಿ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೈಯಬಾರದು. ಉಣ್ಣೆಯ ರಿಸ್ಟ್ ವಾರ್ಮರ್, ಅಂದರೆ ಬೆರಳು ಬಿಟ್ಟು ಮಣಿಕಟ್ಟು ಮುಚ್ಚುವ ಗವಸು, ಹಾಕಿಕೊಂಡರೆ ಮಣಿಕಟ್ಟಿನ ನೋವು ವಾಸಿಯಾಗುವುದಿಲ್ಲ. ಕಡಿಮೆಯಾಗುತ್ತದೆ ಅಷ್ಟೇ, ಅದೂ ಚಳಿಗೆ ಜಾಸ್ತಿಯಾಗುವ ನೋವಾಗಿದ್ದರೆ. ಆದರೆ ದಿನವಿಡೀ ಕೀಬೋರ್ಡ್ ಕುಟ್ಟುವವರಿಗೆ ಅಷ್ಟು ಕಡಿಮೆಯಾದರೂ ದೊಡ್ಡದೇ. ಮೆಡಿಕಲ್ ಶಾಪಿನ ಎಲಾಸ್ಟಿಕ್ ಬ್ಯಾಂಡ್, ಆನ್‌ಲೈನಿನಲ್ಲಿ ತರಿಸಿದ ರೆಡಿಮೇಡ್ ಜೊತೆ, ಕೊನೆಗೆ ನಾನೇ ಕೂತು ಹೆಣೆದದ್ದು, ಮೂರನ್ನೂ ಹಾಕಿ ನೋಡಿ ಬರೆಯುತ್ತಿದ್ದೇನೆ. ಗೆದ್ದದ್ದು ಕೈಯಲ್ಲಿ ಹೆಣೆದದ್ದೇ. ಅದರಲ್ಲೂ ದಾರ ಯಾವುದು, ಬಿಗಿ ಎಷ್ಟು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಸುಮ್ನೆ ಸಿಕ್ಕಿದ ಉಲ್ಲನ್ ತಂದು ಹೆಣೆದರೆ ದುಡ್ಡೂ ದಂಡ, ಶ್ರಮವೂ ದಂಡ.

ನನ್ನದು ಡಿಟಿಪಿ ಕೆಲಸ. ಮದುವೆ ಕರೆಯೋಲೆ, ಸಂಘದ ಸ್ಮರಣ ಸಂಚಿಕೆ, ಕವನ ಸಂಕಲನ, ಏನು ಬಂದರೂ ಕನ್ನಡದಲ್ಲೇ, 'ನುಡಿ' ಅನ್ನುವ ಟೈಪಿಂಗ್ ಸಾಫ್ಟ್‌ವೇರಿನಲ್ಲೇ. ನುಡಿಯಲ್ಲಿ ಟೈಪ್ ಮಾಡುವವರಿಗೆ ಗೊತ್ತು, ಒತ್ತಕ್ಷರ ಬಂದಾಗಲೆಲ್ಲ ಎಡಗೈ ತೋರುಬೆರಳು ಎಫ್ ಕೀ ಒತ್ತಬೇಕು, ಮಹಾಪ್ರಾಣಕ್ಕೂ ದೀರ್ಘಕ್ಕೂ ಕಿರುಬೆರಳು ಹೋಗಿ ಶಿಫ್ಟ್ ಹಿಡಿಯಬೇಕು. 'ಸ್ತ್ರೀ' ಅಂತ ಒಂದೇ ಒಂದು ಅಕ್ಷರ ಮೂಡಬೇಕಾದರೆ ಎಫ್ ಎರಡು ಸಲ, ಶಿಫ್ಟ್ ಒಂದು ಸಲ. ಸಂಸ್ಕೃತ ಜಾಸ್ತಿ ಇರುವ ಪುಸ್ತಕ ಬಂದರೆ ಎಡಗೈಗೆ ಹಬ್ಬವೋ ಹಬ್ಬ. ಸಾಲದ್ದಕ್ಕೆ ನನ್ನ ಕುರ್ಚಿಯ ನೆತ್ತಿಯ ಮೇಲೇ ಎಸಿ. 2020ರಿಂದ ಹೊಸ ರೂಮ್ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಇದೆ, ನಿಜ. ಆದರೆ ರಿಮೋಟ್ ಯಾರ ಕೈಯಲ್ಲಿದೆಯೋ ಅವರದ್ದೇ ಕೊನೆಯ ನಿಯಮ, ಅಲ್ವಾ?

ಮಧ್ಯಾಹ್ನದ ಹೊತ್ತಿಗೆ ಎಡಗೈ ಮಣಿಕಟ್ಟು ಬಿಗಿದುಕೊಳ್ಳುತ್ತಿತ್ತು. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ಎದ್ದು ಕೂತು ಕೈ ಕೊಡವಿದರೆ ಸರಿಹೋಗುತ್ತಿತ್ತು. ಮೂಳೆ ಡಾಕ್ಟರು ಅದನ್ನು ಕೇಳಿದ ಕೂಡಲೇ "ಕಿರುಬೆರಳು ಜೋಮು ಹಿಡಿಯುತ್ತದಾ?" ಅಂದರು. ಇಲ್ಲ ಅಂದೆ. ಕಾರ್ಪಲ್ ಟನೆಲ್, ಇನ್ನೂ ಶುರುವಿನಲ್ಲಿದೆ ಅಂದರು. ಅಂಗೈ ಬುಡದಲ್ಲಿ, ಮೂಳೆಗಳಿಗೂ ಅವುಗಳ ಮೇಲೆ ಅಡ್ಡಕ್ಕೆ ಬಿಗಿದ ಒಂದು ಗಟ್ಟಿ ಪಟ್ಟಿಗೂ ನಡುವೆ ಒಂದು ಇಕ್ಕಟ್ಟಾದ ಸಂದಿ ಇದೆ. ಬೆರಳು ಮಡಿಸುವ 9 ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ), ಜೊತೆಗೆ ಮೀಡಿಯನ್ ಅನ್ನುವ ನರ, ಎಲ್ಲ ಆ ಸಂದಿಯಲ್ಲೇ ತೂರಿ ಹೋಗಬೇಕು. ಟೆಂಡನ್ ಸುತ್ತಲಿನ ಪೊರೆ ಸ್ವಲ್ಪ ಊದಿಕೊಂಡರೂ ನರಕ್ಕೆ ಒತ್ತಡ. ಕಿರುಬೆರಳಿನ ನರ ಬೇರೆ ದಾರಿಯಲ್ಲಿ ಹೋಗುತ್ತದೆ, ಅದಕ್ಕೇ ಅದು ಆರಾಮವಾಗಿರುತ್ತದೆ. ರಾತ್ರಿ ನಿದ್ದೆಯಲ್ಲಿ ಕೈ ಮಡಚಿಕೊಳ್ಳುತ್ತೇವೆ, ಸಂದಿ ಇನ್ನೂ ಕಿರಿದಾಗುತ್ತದೆ, ಅದಕ್ಕೆ ರಾತ್ರಿ ಜೋಮು ಜಾಸ್ತಿ. ಮಲಗುವಾಗ ಮಣಿಕಟ್ಟು ನೇರವಾಗಿ ನಿಲ್ಲಿಸುವ ಸ್ಪ್ಲಿಂಟ್ ಹಾಕಿಕೊಳ್ಳಿ, ಹಗಲು ಕೈ ಬೆಚ್ಚಗಿಟ್ಟುಕೊಳ್ಳಿ, ಆಗಾಗ ಬಿಡುವು ಕೊಡಿ ಅಂದರು.

ಇಷ್ಟು ಅರ್ಥವಾದರೆ ಯಾವ ಬ್ಯಾಂಡ್ ಕೊಳ್ಳಬೇಕು ಅನ್ನುವುದೂ ಅರ್ಧ ಅರ್ಥವಾದ ಹಾಗೆ. ಒಳಗೆ ಜಾಗ ಸಾಲದು ಅಂತಲೇ ನರ ಕೂಗಿಕೊಳ್ಳುತ್ತಿದೆ. ಅದರ ಮೇಲೆ ಹೊರಗಿನಿಂದ ಬಿಗಿದು ಕಟ್ಟಿದರೆ ಏನಾದೀತು?

ಮೆಡಿಕಲ್ ಶಾಪಿನಲ್ಲಿ ಸಿಗುವ ಎಲಾಸ್ಟಿಕ್ ಬ್ಯಾಂಡ್ ಮಾಡುವುದು ಅದನ್ನೇ. ಹೆಬ್ಬೆರಳಿಗೆ ಒಂದು ಕುಣಿಕೆ, ಸುತ್ತಿ ಎಳೆದು ವೆಲ್ಕ್ರೋ ಅಂಟಿಸುವುದು. ಉಳುಕಿದ ಕೈಗೆ, ಜಿಮ್ಮಿನಲ್ಲಿ ಭಾರ ಎತ್ತುವವರಿಗೆ ಅದು ಸರಿ. ಟೈಪಿಂಗಿಗೆ ಬೇಡ. ವೆಲ್ಕ್ರೋ ಎಷ್ಟು ಎಳೆದರೆ ಸರಿ ಅಂತ ಪ್ಯಾಕೆಟ್ಟಿನ ಮೇಲೆ ಬರೆದಿರುವುದಿಲ್ಲ, ನಾವು ನೋವು ಅಂತ ಇನ್ನಷ್ಟು ಎಳೆಯುತ್ತೇವೆ. ಒಳಗೆ ಬೆವರುತ್ತದೆ, ಬೆವರು ಆರದೆ ಚರ್ಮ ತೇವವಾಗಿ ತಣ್ಣಗಾಗುತ್ತದೆ, ಸಂಜೆ ಬಿಚ್ಚಿದಾಗ ಒಂದು ಥರಾ ವಾಸನೆ. ಚೂಡಿದಾರದ ತೋಳಿಗೆ ವೆಲ್ಕ್ರೋ ಕಚ್ಚಿ ದಾರ ಕೀಳುವುದು ಬೇರೆ. ಅದಕ್ಕೆ 5ರಲ್ಲಿ 2.

ಆನ್‌ಲೈನ್ ಜೊತೆ ಫೋಟೋದಲ್ಲಿ ಚೆನ್ನಾಗಿತ್ತು. 'ವುಲನ್' ಅಂತ ಬರೆದಿದ್ದರು, ಬಂದದ್ದು ಅಪ್ಪಟ ಅಕ್ರಿಲಿಕ್. ಮಣಿಕಟ್ಟಿನ ಅಂಚಿನಲ್ಲಿ ರಬ್ಬರ್ ಎಳೆ ಸೇರಿಸಿ ಹೆಣೆದಿದ್ದರು, ತೆಗೆದರೆ ಬಳೆ ಹಾಕಿದಷ್ಟು ದಪ್ಪ ಗೆರೆ ಮೂಡಿರುತ್ತಿತ್ತು. ಒಗೆತಕ್ಕೆ ಹಾಕಿದ್ದೇ ತಡ, ಮೇಜಿಗೆ ಉಜ್ಜುವ ಕಡೆಯೆಲ್ಲ ಸಣ್ಣ ಸಣ್ಣ ಉಂಡೆ ಎದ್ದವು. ಮಾರಿದವರ ಹೆಸರು ಇಲ್ಲಿ ಬೇಡ, ಇಂಥವರು ಒಬ್ಬರಲ್ಲ. 5ರಲ್ಲಿ 1, ಅದೂ ಬಣ್ಣಕ್ಕೆ.

ಸರಿ, ನಾವೇ ಹೆಣೆಯೋಣ ಅಂತ ಚಿಕ್ಕಪೇಟೆ ಕಡೆ ಹೋದೆ. ಮೆಟ್ರೋ ಇಳಿದು ಗಲ್ಲಿ ಹೊಕ್ಕರೆ ಒಂದು ಸಣ್ಣ ಉಲ್ಲನ್ ಅಂಗಡಿ, ಮೂವರು ನಿಂತರೆ ನಾಲ್ಕನೆಯವರಿಗೆ ಜಾಗ ಇಲ್ಲ. ನೆಲದಿಂದ ಸೂರಿನವರೆಗೆ ದಾರದ ಪ್ಯಾಕೆಟ್. ವರ್ಧಮಾನ್, ಗಂಗಾ, ಓಸ್ವಾಲ್, ಎಲ್ಲ ಲುಧಿಯಾನದ ಮಾಲು. ನಮ್ಮಲ್ಲಿ ಸ್ವೆಟರ್ ದಾರ ಅಂತ ಬರುವುದರಲ್ಲಿ ಬಹುಪಾಲು ಅಕ್ರಿಲಿಕ್. ಒಗೆಯಲು ಸುಲಭ, ಬೆಲೆ ಕಡಿಮೆ, ಬಣ್ಣ ನೂರೆಂಟು. ಮಗುವಿನ ಟೋಪಿಗೆ, ಸೋಫಾ ಕವರಿಗೆ ಅದೇ ಸಾಕು. "ಅಣ್ಣಾ, ಪ್ಯೂರ್ ಉಣ್ಣೆ ಬೇಕು" ಅಂದೆ. "ಎಲ್ಲಾ ಉಲ್ಲನ್ನೇ ಮೇಡಂ" ಅಂದರು. ಕೈ ನೋವಿಗೆ ಅಂದ ಮೇಲೆ ಮಾತ್ರ ಮುಖ ಎತ್ತಿ ನೋಡಿ, ಒಳಗಿನ ಡಬ್ಬದಿಂದ ಬೇರೆ ಲಡಿ ತೆಗೆದರು. ನಾನು ಕೇಳುವ ಮೊದಲೇ ಅದರ ತುದಿಯಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿದರು. ಕೂದಲು ಸುಟ್ಟ ವಾಸನೆ. ಉಳಿದ ಕರಿಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಪುಡಿ. ಆಮೇಲೆ ಅಕ್ರಿಲಿಕ್ ಎಳೆ ಸುಟ್ಟು ತೋರಿಸಿದರು, ಅದು ಕರಗಿ, ಕಪ್ಪು ಹೊಗೆ ಬಿಟ್ಟು, ಗಟ್ಟಿ ಮಣಿ ಹಾಗೆ ಉಳಿಯಿತು. ಈ ಪರೀಕ್ಷೆ ಎಲ್ಲಿ ಕೊಂಡರೂ ಮಾಡಬಹುದು, ಮನೆಯಲ್ಲಾದರೆ ಸಿಂಕಿನ ಮೇಲೆ ಮಾಡಿ. ಇದೊಂದಕ್ಕೇ ಆ ಅಂಗಡಿಗೆ 5ರಲ್ಲಿ 4 ಕೊಡುತ್ತೇನೆ. ಒಂದು ಕಳೆದದ್ದು ಚಿಲ್ಲರೆಗಾಗಿ ಕಾಯಿಸಿದ್ದಕ್ಕೆ, ಮತ್ತು ಪ್ಯಾಕೆಟ್ ಒಡೆದು ಅರ್ಧ ಕೊಡಿ ಅಂದರೆ ಕೊಡದೇ ಇದ್ದದ್ದಕ್ಕೆ.

ಉಣ್ಣೆಯೇ ಯಾಕೆ? ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಬಸ್ಸಿನಲ್ಲಿ ಬೆವರಿ, ಎಸಿಗೆ ಬಂದು ಕೂತಾಗ ಆಗುವ ಆ ತಣ್ಣನೆಯ ಅಂಟು ಇಲ್ಲಿ ಆಗುವುದಿಲ್ಲ. ಇನ್ನೊಂದು, ಉಣ್ಣೆಯ ಎಳೆಗೆ ತನ್ನದೇ ಸುರುಳಿ ಇರುತ್ತದೆ, ಎಳೆದರೆ ಹಿಗ್ಗಿ ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ. ಅಂದರೆ ರಬ್ಬರ್ ಇಲ್ಲದೆಯೇ ಕೈಗೆ ಕೂರುತ್ತದೆ. ಹತ್ತಿ ದಾರಕ್ಕೆ ಈ ಗುಣ ಇಲ್ಲ. ಹತ್ತಿಯಲ್ಲಿ ಹೆಣೆದದ್ದು ನಾಲ್ಕು ದಿನಕ್ಕೆ ಜೋತುಬೀಳುತ್ತದೆ, ಹೆಣೆಯುವಾಗಲೂ ದಾರ ಬಗ್ಗದೆ ಬೆರಳಿಗೆ ಕೆಲಸ ಜಾಸ್ತಿ. ಕೈ ನೋವಿದ್ದವರು ಹತ್ತಿ ದಾರದಲ್ಲಿ ಶುರುಮಾಡಬೇಡಿ.

ನಮ್ಮ ದೊಡ್ಡಮ್ಮ ಇದನ್ನೆಲ್ಲ ಕೇಳಿ, "ಅಯ್ಯೋ, ಅದ್ಯಾಕೆ ಅಷ್ಟು ದುಡ್ಡು ಹಾಕ್ತೀಯೇ, ಚಳ್ಳಕೆರೆ ಕಡೆಯಿಂದ ಕಂಬಳಿ ನೂಲು ತರಿಸು" ಅಂದರು. ಊರ ಉಣ್ಣೆಯನ್ನು ಬಿಟ್ಟು ಹೊರಗಿನದಕ್ಕೆ ಹೋಗಲು ನನಗೂ ಮನಸ್ಸಿರಲಿಲ್ಲ. ಆದರೆ ದಖನಿ ಕುರಿಯ ಉಣ್ಣೆ ಒರಟು, ನಡುನಡುವೆ ಕೂದಲಿನಂಥ ಎಳೆ ಇರುತ್ತದೆ. ಕುರುಬರು ಮಗ್ಗಕ್ಕೆ ಹಾಸು ಹೂಡುವಾಗ ಹುಣಸೆ ಬೀಜದ ಗಂಜಿ ಹಚ್ಚಿ ನೂಲನ್ನು ಗಟ್ಟಿ ಮಾಡಿಕೊಳ್ಳುತ್ತಾರೆ, ಅದಕ್ಕೇ ಆ ಕಂಬಳಿ ಮಳೆಯನ್ನೂ ತಡೆಯುತ್ತದೆ, ಎಷ್ಟೋ ವರ್ಷ ಬಾಳುತ್ತದೆ. ಹೊದೆಯಲು ಅದಕ್ಕೆ ಸಾಟಿ ಇಲ್ಲ. ಆದರೆ ಮಣಿಕಟ್ಟಿನ ಒಳಮೈ ಚರ್ಮ ತೆಳು, ಅಲ್ಲಿ ಚುಚ್ಚುತ್ತದೆ, ಕೆರೆದು ಕೆರೆದು ಕೆಂಪಾಗುತ್ತದೆ. ಇಲ್ಲಿಗೆ ಬೇಕಾದದ್ದು ಮೆರಿನೋ ಕುರಿಯದ್ದರ ಥರದ ನಯ ಉಣ್ಣೆ. ಕೊಳ್ಳುವ ಮುಂಚೆ ಲಡಿಯನ್ನು ಕತ್ತಿನ ಪಕ್ಕ ಒತ್ತಿ ಹಿಡಿದು ನೋಡಿ. ಕತ್ತಿಗೆ ಚುಚ್ಚದಿದ್ದರೆ ಮಣಿಕಟ್ಟಿಗೂ ಚುಚ್ಚುವುದಿಲ್ಲ.

ಬೆಲೆ ಮಾತ್ರ ಚುರುಕು. ಅಕ್ರಿಲಿಕ್ಕಿಗೆ ಹೋಲಿಸಿದರೆ ಮೆರಿನೋ ಹಲವು ಪಟ್ಟು ದುಬಾರಿ. ಸಮಾಧಾನ ಏನೆಂದರೆ ಒಂದು ಜೊತೆಗೆ ಹೆಚ್ಚುಕಡಿಮೆ 50 ಗ್ರಾಂ ಸಾಕು. ಸ್ವೆಟರಿಗೆ ಆ ದಾರ ಹಾಕಿ ಅಂದರೆ ನಾನೂ ಹಾಕುತ್ತಿರಲಿಲ್ಲ.

ಕಡ್ಡಿ ವಿಷಯಕ್ಕೆ ಬರೋಣ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಯಾಕೆಂದರೆ ಕೈ ನೋವಿದ್ದವರಿಗೆ ಹೆಣೆಯುವಾಗ ದಾರಕ್ಕಿಂತ ಕಡ್ಡಿಯೇ ಮುಖ್ಯ. ನಮ್ಮ ಮನೆಗಳಲ್ಲಿ ಇರುವುದು ಪೋನಿ ಕಡ್ಡಿ, ಬೂದು ಬಣ್ಣದ ಅಲ್ಯುಮಿನಿಯಂ, ಹಿಂದೆ ಒಂದು ಗುಂಡಿ. ನೀಲಗಿರಿಯ ಕೇತಿಯಲ್ಲಿ ತಯಾರಾಗುವ ಮಾಲು, ದಶಕಗಳಿಂದ ದೇಶದ ಅರ್ಧ ಸ್ವೆಟರುಗಳು ಅದರಲ್ಲೇ ಹೆಣೆದಿರಬಹುದು. ನಂಬರ್ ಹಳೇ ಬ್ರಿಟಿಷ್ ಲೆಕ್ಕದ್ದು. ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. 8 ನಂಬರ್ ಅಂದರೆ 4 ಮಿ.ಮೀ., 10 ನಂಬರ್ ಅಂದರೆ 3.25 ಮಿ.ಮೀ. ಯೂಟ್ಯೂಬ್ ನೋಡಿ ಕಲಿಯುವವರು 4 ಮಿ.ಮೀ. ಅಂತ ಕೇಳಿಕೊಂಡು ಹೋಗಿ ಅಂಗಡಿಯಲ್ಲಿ 4 ನಂಬರ್ ತಂದರೆ ಅದು 6 ಮಿ.ಮೀ. ಕೋಲು! ಮನೆಗೆ ಬಂದು ತಲೆ ಚಚ್ಚಿಕೊಳ್ಳಬೇಕು.

ಪೋನಿ ಕಡ್ಡಿ ಅಗ್ಗ, ಗಟ್ಟಿ, ಅದರ ಮೇಲೆ ದೂರಿಲ್ಲ. ಆದರೆ ಉದ್ದ ಕಡ್ಡಿ ಅಂದಮೇಲೆ, ಯಾವ ಕಂಪನಿಯದಾದರೂ ಸರಿ, ಹೆಣೆದ ಬಟ್ಟೆಯ ಭಾರವೆಲ್ಲ ಕಡ್ಡಿಯ ತುದಿಗೆ ಬರುತ್ತದೆ, ಅದನ್ನು ಎತ್ತಿ ಹಿಡಿಯುವುದು ಮಣಿಕಟ್ಟೇ. ಎಸಿಯಲ್ಲಿ ಲೋಹ ಬೇರೆ ತಣ್ಣಗೆ ಕೊರೆಯುತ್ತದೆ. ನಾನು ತಗೊಂಡದ್ದು ನಿಟ್ ಪ್ರೋ ಸರ್ಕ್ಯುಲರ್, 4 ಮಿ.ಮೀ., ಮರದ್ದು. ಇದೂ ನಮ್ಮ ದೇಶದ್ದೇ, ಜೈಪುರದಲ್ಲಿ ಮಾಡುತ್ತಾರೆ, ಹೊರದೇಶಗಳಿಗೆ ಹೋಗುತ್ತದೆ. ಎರಡು ಗಿಡ್ಡ ಕಡ್ಡಿ, ನಡುವೆ ಬಗ್ಗುವ ಪ್ಲಾಸ್ಟಿಕ್ ಕೇಬಲ್. ಹೆಣೆದದ್ದೆಲ್ಲ ಕೇಬಲ್ ಮೇಲೆ ಜಾರಿ ತೊಡೆಯ ಮೇಲೆ ಬಂದು ಕೂರುತ್ತದೆ, ಕೈಯಲ್ಲಿ ಉಳಿಯುವುದು ಕಡ್ಡಿಯ ತುದಿ ಅಷ್ಟೇ. ಸುತ್ತ ಹೆಣೆಯಲೇಬೇಕು ಅಂತಿಲ್ಲ, ಹಿಂದೆ ಮುಂದೆ ತಿರುಗಿಸಿ ಪಟ್ಟಿ ಹಾಗೆಯೂ ಹೆಣೆಯಬಹುದು. ಹೊಸತರಲ್ಲಿ ಕೇಬಲ್ ಸುರುಳಿ ಸುತ್ತಿಕೊಂಡು ಕಾಡುತ್ತದೆ. ಬಿಸಿನೀರಲ್ಲಿ ಒಂದು ಕ್ಷಣ ಅದ್ದಿ ಎಳೆದು ಹಿಡಿದರೆ ನೆಟ್ಟಗಾಗುತ್ತದೆ, ಮರದ ಭಾಗ ಮಾತ್ರ ನೆನೆಸಬೇಡಿ. 5ರಲ್ಲಿ 5, ಕಣ್ಣು ಮುಚ್ಚಿಕೊಂಡು.

ಹೆಣೆಯುವುದು ಏನೂ ಕಷ್ಟ ಇಲ್ಲ. ಮಧ್ಯಮ ದಪ್ಪದ ದಾರ, ಅಂಗಡಿಯಲ್ಲಿ ಡಿಕೆ ಅಂದರೆ ಕೊಡುತ್ತಾರೆ. 6 ಇಂಚು ಸುತ್ತಳತೆಯ ಮಣಿಕಟ್ಟಿಗೆ 40 ಸ್ಟಿಚ್ ಏರಿಸಿ, ಕೈ ತೀರಾ ಸಣ್ಣ ಅಂದರೆ 36, ದಪ್ಪ ಅಂದರೆ 44. ಎರಡು ಸೀದಾ ಸ್ಟಿಚ್, ಎರಡು ಉಲ್ಟಾ, ಇಷ್ಟೇ, ಇದಕ್ಕೇ ರಿಬ್ ಅನ್ನುವುದು. 7 ಇಂಚು ಆಗುವವರೆಗೂ ಇದೇ. ಆಮೇಲೆ ಎರಡು ಅಂಚು ಸೇರಿಸಿ ಹೊಲಿಯುವುದು. ಬೆರಳಿನ ಕಡೆಯಿಂದ 1 ಇಂಚು ಹೊಲಿದು, 2 ಇಂಚು ಹೆಬ್ಬೆರಳಿಗೆ ಬಿಟ್ಟು, ಉಳಿದದ್ದನ್ನು ಹೊಲಿಯಿರಿ. ಇಂಟರ್ನೆಟ್ಟಿನಲ್ಲಿ ಗೂಬೆ, ನವಿಲು, ಜಡೆ ಡಿಸೈನಿನವು ಎಷ್ಟೋ ಇವೆ, ನೋಡಲು ಚಂದ. ಜಡೆ ಹಾಕಿದರೆ ಬಟ್ಟೆ ದಪ್ಪವೂ ಆಗುತ್ತದೆ, ಹಿಗ್ಗುವುದೂ ಕಡಿಮೆಯಾಗುತ್ತದೆ, ಕೀಬೋರ್ಡಿನ ಅಂಚಿಗೆ ಉಬ್ಬು ಒತ್ತುತ್ತದೆ. ಲಿಥುವೇನಿಯಾದಲ್ಲಿ ಹೆಂಗಸರು ಮಣಿಕಟ್ಟಿಗೆಂದೇ ಉಣ್ಣೆಯಲ್ಲಿ ಸಣ್ಣ ಸಣ್ಣ ಗಾಜಿನ ಮಣಿ ಪೋಣಿಸಿ ಹೆಣೆಯುತ್ತಾರೆ, ಹಳೇ ಸಂಪ್ರದಾಯವಂತೆ, ಫೋಟೋ ನೋಡಿದರೆ ಕಣ್ಣು ಕೀಳಲಾಗುವುದಿಲ್ಲ. ಹಬ್ಬಕ್ಕೆ ಸರಿ, ಟೈಪಿಂಗಿಗೆ ಸಾದಾ ರಿಬ್ಬೇ ಸರಿ.

ಶುರುವಿನ ಸಾಲು ಮತ್ತು ಮುಚ್ಚುವ ಸಾಲು, ಇವೆರಡು ಸಡಿಲವಾಗಿರಬೇಕು. ಬಿಗಿಯಾಗುವುದು ಅಲ್ಲೇ. ನಡುವೆ ರಿಬ್ ಎಷ್ಟೇ ಹಿಗ್ಗಿದರೂ ಅಂಚು ಹಿಗ್ಗದಿದ್ದರೆ ಆ ರೆಡಿಮೇಡ್ ಜೊತೆಗೂ ಇದಕ್ಕೂ ವ್ಯತ್ಯಾಸ ಇಲ್ಲ. 4 ಮಿ.ಮೀ.ನಲ್ಲಿ ಹೆಣೆಯುತ್ತಿದ್ದರೆ ಈ ಎರಡು ಸಾಲಿಗೆ ಮಾತ್ರ 5 ಮಿ.ಮೀ. ಕಡ್ಡಿ ತಗೊಳ್ಳಿ. ಹಾಕಿಕೊಂಡ ಮೇಲೆ ಇನ್ನೊಂದು ಕೈಯ ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಬಿಚ್ಚಿದಾಗ ಚರ್ಮದ ಮೇಲೆ ಆಳವಾದ ಗೆರೆ ಮೂಡಿದ್ದರೆ ಬಿಗಿ ಅಂತ ಅರ್ಥ, ಮುಚ್ಚುವ ಸಾಲನ್ನು ಬಿಚ್ಚಿ ಮತ್ತೆ ಸಡಿಲವಾಗಿ ಮುಚ್ಚಿ.

ಈಗ ಎಲ್ಲರೂ ಕೇಳುವ ಪ್ರಶ್ನೆ. ಕೈ ನೋವು ಅಂತೀಯಾ, ಮತ್ತೆ ಹೆಣೆಯುತ್ತಾ ಕೂತರೆ ಇನ್ನೂ ಜಾಸ್ತಿ ಆಗಲ್ವಾ? ಆಗುತ್ತದೆ. ಒಂದೇ ಪಟ್ಟಿಗೆ ಕೂತರೆ ಖಂಡಿತ ಆಗುತ್ತದೆ. ಗಡಿಯಾರ ನೋಡಿಕೊಂಡು ಹತ್ತು ಹದಿನೈದು ನಿಮಿಷ, ಆಮೇಲೆ ಎದ್ದು ಕೈ ಚಾಚಿ ಬೇರೆ ಕೆಲಸ, ಹೀಗೆ ಹೆಣೆದರೆ ನಡೆಯುತ್ತದೆ. ದಿನಕ್ಕೆ ನಾಲ್ಕು ಸಾಲಾದರೂ ಅಡ್ಡಿಯಿಲ್ಲ, ಯಾರೂ ಡೆಡ್‌ಲೈನ್ ಕೊಟ್ಟಿಲ್ಲ. ದೊಡ್ಡಮ್ಮನ ಹಳೇ ವಿಧಾನ ನೋಡಿ ನನಗೆ ಆಶ್ಚರ್ಯವಾಯಿತು. ಬಲಗಡೆಯ ಉದ್ದ ಕಡ್ಡಿಯ ಹಿಂಭಾಗವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಾರೆ. ಆ ಕಡ್ಡಿ ಅಲ್ಲಾಡುವುದೇ ಇಲ್ಲ. ಬಲಗೈಗೆ ಕಡ್ಡಿ ಹಿಡಿಯುವ ಕೆಲಸವೇ ಇಲ್ಲ, ತೋರುಬೆರಳು ದಾರವನ್ನು ಟಕ್ ಟಕ್ ಅಂತ ಎಸೆಯುತ್ತಾ ಹೋಗುತ್ತದೆ, ಮಣಿಕಟ್ಟು ತಿರುಗುವುದೇ ಇಲ್ಲ. "ನಿನ್ನ ಥರಾ ಕೈ ತಿರುಚಿ ತಿರುಚಿ ಹೆಣೆದಿದ್ದರೆ ಮೂರು ಮಕ್ಕಳ ಸ್ವೆಟರ್ ಆಗ್ತಿತ್ತೇನೇ?" ಅಂದರು. ಎಪ್ಪತ್ತು ದಾಟಿದೆ, ಕೈ ನೋವು ಅಂತ ಒಂದು ದಿನ ಅಂದದ್ದಿಲ್ಲ. ಮೊಣಕಾಲಿನದ್ದು ಬೇರೆ ಕಥೆ.

ಹಾಕಿಕೊಂಡ ಮೇಲೆ ಹೇಗಿದೆ ಅಂದರೆ, ಬೆಳಿಗ್ಗೆ ಬೆರಳುಗಳು ಬೇಗ ಸಡಿಲವಾಗುತ್ತವೆ. ಎಸಿಯಲ್ಲಿ ಆ ಬಿಗಿತ ಬರುವುದು ತಡ, ಬಂದರೂ ಅಷ್ಟು ಜೋರಿಲ್ಲ. ಅಂಗೈ ಬುಡ ಮೇಜಿನ ಅಂಚಿಗೆ ತಾಗುವ ಕಡೆ ಒಂದು ಮೆತ್ತನೆಯ ಪದರ ಸಿಕ್ಕಿದ್ದು ಲೆಕ್ಕಕ್ಕಿಲ್ಲದ ಲಾಭ. ಬೆರಳು ಪೂರ್ತಿ ಬಿಡುವಾಗಿರುವುದರಿಂದ ಕೀ ತಪ್ಪುವುದಿಲ್ಲ, ಫೋನ್ ಕೂಡ ಒತ್ತಬಹುದು. ರಾತ್ರಿಯ ಜೋಮಿಗೆ ಮಾತ್ರ ಇದು ಪ್ರಯೋಜನವಿಲ್ಲ. ಮಡಚಿದ ಕೈಯನ್ನು ನೇರ ನಿಲ್ಲಿಸುವ ಗಟ್ಟಿತನ ಉಣ್ಣೆಗೆ ಇಲ್ಲ, ಅದಕ್ಕೆ ಸ್ಪ್ಲಿಂಟೇ ಬೇಕು. ಅಡುಗೆಮನೆಗೆ ಹಾಕಿಕೊಂಡು ಹೋಗಬೇಡಿ. ಸಾರು ಬಗ್ಗಿಸುವಾಗ ಅಂಚು ಅದ್ದಿ, ಇಂಗಿನ ವಾಸನೆ ಒಗೆದರೂ ಹೋಗುವುದಿಲ್ಲ. ನಮ್ಮ ಆಫೀಸಿನ ಹುಡುಗನೊಬ್ಬ ಬೈಕಿಗೆ ಬೇಕು ಅಂತ ಕಪ್ಪು ಬಣ್ಣದ್ದು ಕೇಳುತ್ತಿದ್ದಾನೆ. ಮೊದಲು ದಾರ ತಂದುಕೊಡು ಅಂದಿದ್ದೇನೆ, ಆಮೇಲೆ ಸುದ್ದಿಯಿಲ್ಲ.

ಒಗೆಯಲು ತಣ್ಣೀರು, ಅಂಟುವಾಳ ಕಾಯಿ ನೊರೆ ಅಥವಾ ಸ್ವಲ್ಪ ಶಾಂಪೂ. ಉಜ್ಜಬಾರದು, ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಿ ನೆರಳಲ್ಲಿ ಹಾಸಿ ಒಣಗಿಸಬೇಕು. ಲೇಬಲ್ಲಿನಲ್ಲಿ ಸೂಪರ್‌ವಾಶ್ ಅಂತ (ಮಷಿನ್ನಿಗೆ ಹಾಕಬಹುದು ಅಂತ ಅರ್ಥ) ಇಲ್ಲದ ಉಣ್ಣೆಯನ್ನು ಬಿಸಿನೀರಿನ ಜೊತೆ ಮಷಿನ್ನಿಗೆ ಹಾಕಿದರೆ ಕುಗ್ಗಿ ದಪ್ಪಗಾಗಿ ಗೊಂಬೆಯ ಕೈಗೆ ಆಗುತ್ತದೆ. ಇಟ್ಟುಬಿಡುವಾಗ ನುಸಿಗುಳಿಗೆ ಮರೆಯಬೇಡಿ.

ಯಾರಿಗೆ ಬೇಡ ಅನ್ನುವುದನ್ನೂ ಹೇಳಬೇಕು. ಕೈಯಿಂದ ಲೋಟ ಜಾರುತ್ತಿದ್ದರೆ, ಜೋಮು ಹಗಲೂ ರಾತ್ರಿ ಬಿಡದಿದ್ದರೆ, ಹೆಬ್ಬೆರಳ ಬುಡದ ಮಾಂಸ ಸೊರಗಿದ ಹಾಗೆ ಕಂಡರೆ, ದಾರ ಕೊಳ್ಳಲು ಹೋಗಬೇಡಿ, ಡಾಕ್ಟರ ಹತ್ತಿರ ಹೋಗಿ. ಕೀಲು ಊದಿ ಬಿಸಿಯಾಗಿದ್ದರೆ ಅದರ ಮೇಲೆ ಇನ್ನೂ ಬೆಚ್ಚಗೆ ಮಾಡುವುದೂ ಬೇಡ. ಹೊಸ ಬಾಣಂತಿಯರಿಗೆ ಮಗು ಎತ್ತಿ ಎತ್ತಿ ಹೆಬ್ಬೆರಳ ಬುಡದಿಂದ ಮೇಲಕ್ಕೆ ನೋವು ಬರುತ್ತದಲ್ಲ, ಅದು ಬೇರೆ, ಡಿ ಕ್ವೆರ್ವೇನ್ ಅನ್ನುತ್ತಾರೆ. ಅದಕ್ಕೆ ಹೆಬ್ಬೆರಳಿಗೇ ವಿಶ್ರಾಂತಿ ಬೇಕು, ಎತ್ತಿಕೊಳ್ಳುವ ರೀತಿಯನ್ನೂ ಬದಲಾಯಿಸಬೇಕು. ಹೆಬ್ಬೆರಳು ಅಗಲಿಸಿ ಕಂಕುಳಿಗೆ ಕೈ ಹಾಕಿ ಎತ್ತುವ ಬದಲು ಅಂಗೈ ಮೇಲೆ ಮಾಡಿ ಕೆಳಗಿನಿಂದ ಎತ್ತಬೇಕು. ಪಾಪ, ಆ ಹೊತ್ತಿನಲ್ಲಿ ಹೆಣೆಯುತ್ತಾ ಕೂರು ಅಂದರೆ ಬೈದಾರು.

ನಾನು ಹೆಣೆದ ಜೊತೆಗೆ 5ರಲ್ಲಿ 4. ಪೂರ್ತಿ ಕೊಡುತ್ತಿದ್ದೆ, ಆದರೆ ತಿಳಿ ಬಣ್ಣ ಆರಿಸಿದ್ದಕ್ಕೆ ಅಂಗೈ ಕಡೆ ಬೇಗ ಕೊಳೆಯಾಗುತ್ತಿದೆ. ನೀವು ಗಾಢ ಬಣ್ಣ ತಗೊಳ್ಳಿ. ಚಿಕ್ಕಪೇಟೆಗೆ ಹೋಗುವುದಾದರೆ ವಾರದ ದಿನ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ, ಭಾನುವಾರ ಆ ಗಲ್ಲಿ ಮುಚ್ಚಿರುತ್ತದೆ. ಚಿಲ್ಲರೆ ಇಟ್ಟುಕೊಂಡು ಹೋಗಿ.